ಎಡಮೊಣಕಾಲಿಗೆ

ಏಳು, ಎಡಮೊಣಕಾಲೇ.
ಕಿಟಕಿಯಾಚೆ ತೂಗಿದ ಉಷ್ಣಮಾಪಕದ ಕೆಂಪುಗೆರೆ
ಸೊನ್ನೆಗಿಂತ ಹದಿನೇಳು ಮೆಟ್ಟಿಲು ಕೆಳಗೆ ಕೂತಿದೆ.
ಗಂಟೆ ಎಂಟು; ಸೂರ್ಯನಿಗೆ ಇನ್ನೂ ಎರಡು ತಾಸು ರಜೆ.
ನಿನ್ನ ನೆಪಗಳೆಲ್ಲ ನನಗೆ ಬಾಯಿಪಾಠ:
ಇವತ್ತು ಗಾಳಿ, ನಿನ್ನೆ ಮಂಜುಗಡ್ಡೆ, ಮೊನ್ನೆ ಭಾನುವಾರ.

ಮೊದಲು ಉಣ್ಣೆಯ ಒಳಂಗಿ, ಮೇಲೆ ತಮ್ಮನ ಹಳೇ ಸ್ವೆಟರು,
ಅದರ ಮೇಲೆ ಗಾಳಿ ನುಗ್ಗದ ಕೋಟು;
ಈರುಳ್ಳಿಯ ಹಾಗೆ ಸುತ್ತಿಕೊಂಡೆ ನನ್ನನ್ನೇ.
ಬಾಗಿಲಲ್ಲಿ ಕೊಂಚ ಚಳಿಯಾಗಬೇಕು, ಅದು ಲೆಕ್ಕ.
ಮನೆಯಲ್ಲೇ ಬೆಚ್ಚಗಾದವಳು ದಾರಿಯಲ್ಲಿ ಬೆವರುತ್ತಾಳೆ,
ಬೆವರಿ ನಿಂತವಳನ್ನು ಚಳಿ ಬೆನ್ನ ಕಡೆಯಿಂದ ತಿನ್ನುತ್ತದೆ.
ಮೂವತ್ತೊಂದು ವರ್ಷ ಕಾಯಾನಿಯ ಬೀದಿಗಳಲ್ಲಿ
ಅಂಚೆ ಹಂಚಿದವಳಿಗೆ ಇಷ್ಟಾದರೂ ಗೊತ್ತಿರಬೇಡವೆ?

ನಿನಗೂ ಗೊತ್ತು. ನೀನೂ ಇದ್ದೆ
ಆ ಫೆಬ್ರವರಿ, ಹಳದಿ ಮನೆಯ ಗೇಟಿನ ಮುಂದೆ,
ಹೊಸ ಹಿಮದಡಿ ಹಳೇ ಗಾಜು.
ನಾನು ಬಿದ್ದ ಸದ್ದು ಕೇಳಲಿಲ್ಲ, ನಿನ್ನ ಸದ್ದು ಕೇಳಿತು,
ಒಣ ಸೌದೆ ಮುರಿದ ಹಾಗೆ.
ಕೈಯಲ್ಲಿದ್ದ ಲಕೋಟೆ ಮಾತ್ರ ಒದ್ದೆಯಾಗಲಿಲ್ಲ;
ತೆವಳಿಕೊಂಡೇ ಹೋಗಿ ಡಬ್ಬಿಗೆ ಹಾಕಿದೆ.
ಪ್ರಾಣ ಒತ್ತೆಯಿಟ್ಟು ಮುಟ್ಟಿಸಿದ್ದೇನು?
ಕರೆಂಟ್ ಬಿಲ್ಲು.

ಬೂಟಿಗೆ ಮುಳ್ಳಿನ ಪಟ್ಟಿ ಕಟ್ಟಿದೆ. ನಡಿ.
ಹಿಮ ಕಾಲಡಿಯಲ್ಲಿ ಕಟಂ ರೊಟ್ಟಿಯಂತೆ ಮುರಿಯುತ್ತದೆ,
ಕೊರೆದಷ್ಟೂ ಸದ್ದು ಹೆಚ್ಚು.
ಗುಡ್ಡದ ಮರದ ಮೆಟ್ಟಿಲಿಗೆ ನಗರಸಭೆಯವರು ಜಲ್ಲಿ ಎರಚಿದ್ದಾರೆ.
ಇನ್ನೂರ ಎಂಬತ್ತಾರು ಮೆಟ್ಟಿಲು.
ದೀಪದ ಕಂಬ ಹನ್ನೊಂದು, ಒಂದು ಕೆಟ್ಟಿದೆ.

ಹೆಯ್ಮೊ ಆಗಲೇ ಬಂದಿದ್ದಾನೆ,
ಮುಚ್ಚಿಹೋದ ಕಾಗದದ ಗಿರಣಿಯವನು,
ಬೆನ್ನಚೀಲದಲ್ಲಿ ಹತ್ತು ಕಿಲೋ ಆಲೂಗಡ್ಡೆ.
ಹತ್ತುತ್ತಾನೆ, ಇಳಿಯುತ್ತಾನೆ, ಅಕ್ಟೋಬರಿನಿಂದ ಅದೇ ಆಲೂಗಡ್ಡೆ.
"ಮೊಳಕೆ ಬಂದಿದೆ" ಅಂದ ನಿನ್ನೆ,
ಈ ವಾರ ಅವನಾಡಿದ ಮಾತು ಅದೊಂದೇ.
ರಾತ್ರಿಪಾಳಿಯ ಬಸ್ಸು ನಿಲ್ಲಿಸಿ ಬಂದ ಹೊದಾನ್
ಕೈಕಂಬಿ ಹಿಡಿದು ಬಸ್ಕಿ ಹೊಡೆಯುತ್ತಾಳೆ.
ಇಲ್ಲೇ ಹುಟ್ಟಿದವಳು, ನನ್ನಷ್ಟೇ ಚೆನ್ನಾಗಿ ಫಿನ್ನಿಶ್‌ನಲ್ಲಿ ಬಯ್ಯಬಲ್ಲಳು,
ಎಣಿಸುವುದು ಮಾತ್ರ ಅಜ್ಜಿಯ ಸೊಮಾಲಿಯಲ್ಲಿ.

ಹತ್ತು. ಇಪ್ಪತ್ತು. ರೆಪ್ಪೆಗೆ ಉಪ್ಪಿನಂತೆ ಹಿಮ ಕೂತಿತು.
ಮಫ್ಲರಿನ ಮೇಲೆ ನನ್ನುಸಿರು ಗಡ್ಡವಾಗಿ ಬೆಳೆಯಿತು.
ಅರವತ್ತರಲ್ಲಿ ತೊಡೆ ಬಿಸಿಯಾಯಿತು, ತೊಂಬತ್ತರಲ್ಲಿ ಕಿವಿ.
ನೂರ ನಲವತ್ತಮೂರು.
ಅಲ್ಲಿ ನೀನು ಮೊಂಡು ಕತ್ತೆಯಾದೆ.
ಬಯ್ದೆ. ಬೇಡಿದೆ. ಕೈಗವಸಿನಲ್ಲೇ ಉಜ್ಜಿದೆ.
ಇಳಿದು ಬರುತ್ತಿದ್ದ ಹೊದಾನ್ ಪಕ್ಕದಲ್ಲಿ ನಿಂತಳು,
ಏನೂ ಕೇಳಲಿಲ್ಲ, ಎಣಿಕೆಯನ್ನೂ ಬಿಡಲಿಲ್ಲ,
ಒಂದೇ ಮೆಟ್ಟಿಲನ್ನು ಹತ್ತಿ ಇಳಿದು, ಹತ್ತಿ ಇಳಿದು
ನನಗಾಗಿ ಕಾದಳು, ಮೈ ಆರದ ಹಾಗೆ.

ತುದಿ ಮುಟ್ಟಲಿಲ್ಲ ಇವತ್ತು.
ತುದಿಯಲ್ಲಿ ಏನಿದೆ ಅಂತೀಯ? ಒಂದು ಬೆಂಚು,
ಅದರ ಮೇಲೆ ಮೊಳದುದ್ದ ಹಿಮ. ಯಾರೂ ಕೂರುವುದಿಲ್ಲ.
ಬೆನ್ನು ತಿರುಗಿಸಿ ಇಳಿದೆ, ಏಣಿಯಿಳಿವ ಮಗುವಿನಂತೆ.
ಹೆಯ್ಮೊ ನನಗಿಂತ ಒಂದು ಮೆಟ್ಟಿಲು ಕೆಳಗೇ ಇಳಿಯುತ್ತಿದ್ದ,
ಬಿದ್ದರೆ ಆಲೂಗಡ್ಡೆಯ ಮೇಲೆ ಬೀಳಲಿ ಅಂತಲೋ ಏನೋ.
ಕೆಳಗೆ ಮುಟ್ಟಿದ ಮೇಲೆ ಆಡಿದ, ವಾರದ ಎರಡನೆಯ ಮಾತು:
"ನಾಳೆ ನೂರ ನಲವತ್ತನಾಲ್ಕು, ಇರ್ಮೆಲಿ."

ಈಗ ಮನೆ. ಕುರ್ಚಿಯ ಮೇಲೆ ನೀನು,
ಬನ್ನಿನ ಹಾಗೆ ಉಬ್ಬಿಕೊಂಡು.
ಫ್ರೀಜರಿನಿಂದ ಆಗಸ್ಟಿನ ಕಾಡುಹಣ್ಣಿನ ಚೀಲ ತೆಗೆದು ನಿನ್ನ ಮೇಲಿಟ್ಟೆ.
ಚಳಿಯಿಂದ ಒಳಗೆ ಬಂದು
ಚಳಿಯನ್ನೇ ಕಟ್ಟಿಕೊಂಡು ಕೂತ ಹೆಂಗಸು ನಾನು.
ಈ ಹಣ್ಣು ಕೀಳಲು ನೀನೇ ಬಗ್ಗಿದ್ದೆ, ನೆನಪಿದೆಯೆ,
ಗೊಣಗುತ್ತ, ಎರಡು ಬಕೆಟ್ಟು.
ಕರಗಿದ ಮೇಲೆ ಗಂಜಿಗೆ ಕಲಸಿಕೊಂಡು ತಿಂದೆ.
ತುಟಿಯೆಲ್ಲ ನೇರಳೆ.

ಬೂಟು ಒಲೆಯ ಬದಿಯಲ್ಲಿ ತೊಟ್ಟಿಕ್ಕುತ್ತಿದೆ.
ಅದನ್ನು ಕಪಾಟಿಗೆ ಎತ್ತಿಡುವುದಿಲ್ಲ.